ನೂರನೆಯ ದಿನದ ಚುಕ್ಕಿ

ಊರಿನ ಅರವತ್ತಮೂರು ಲಿಫ್ಟುಗಳ ಕಷ್ಟಸುಖ ನೋಡಿಕೊಳ್ಳುವ ಮೆಕ್ಯಾನಿಕ್ ವಾಸವಾಗಿರುವುದು ಲಿಫ್ಟೇ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ಇದನ್ನು ಕೇಳಿ ನಗದವರಿಲ್ಲ. ನಗುವವರ ಜೊತೆ ಅವನೂ ನಗುತ್ತಾನೆ. ಎಂಬತ್ತೆರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದ ನೆಂಟರು "ಬೇರೆ ಮನೆ ಸಿಗ್ಲಿಲ್ವೇನಪ್ಪಾ ನಿಂಗೆ?" ಎಂದರೆ ನೀರು ಕೊಟ್ಟು ಕೂರಿಸುತ್ತಾನೆಯೇ ಹೊರತು ಕಾರಣ ಹೇಳುವುದಿಲ್ಲ. ಕಾರಣ ಇನ್ನೂ ಹದಿನಾರು ಮೆಟ್ಟಿಲು ಮೇಲಿದೆ. ಅದು ತಾರಸಿ. ಸುತ್ತ ಯಾವ ಕಟ್ಟಡವೂ ಅಡ್ಡ ಬಾರದ, ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಸುರಿಯುವ ಬೋಳು ತಾರಸಿ.

ಲಿಫ್ಟಿನ ಕೆಲಸವೆಂದರೆ ಕತ್ತಲೆಯ ಕೆಲಸ. ಕಂಬಿ, ಉಕ್ಕಿನ ಹಗ್ಗ, ಗ್ರೀಸು, ತಲೆಗೆ ಕಟ್ಟಿದ ದೀಪ, ಇಷ್ಟರಲ್ಲೇ ದಿನ ಮುಗಿಯುತ್ತದೆ. ಜನ ಅವನ ಮುಖ ನೋಡುವುದು ಲಿಫ್ಟ್ ಕೆಟ್ಟಾಗ ಮಾತ್ರ, ಅದೂ ಬೈಯುವುದಕ್ಕೆ. ಸರಿಯಾಗಿ ಓಡುವ ಲಿಫ್ಟನ್ನು ಕಂಡು "ಯಾರಪ್ಪ ಇದನ್ನ ಇಷ್ಟು ಚೆನ್ನಾಗಿ ಇಟ್ಟಿರೋದು?" ಎಂದು ಕೇಳಿದ ಪುಣ್ಯಾತ್ಮ ಇಪ್ಪತ್ತಾರು ವರ್ಷದಲ್ಲಿ ಒಬ್ಬನೂ ಸಿಕ್ಕಿಲ್ಲ. ಆದರೆ ಈ ಕೆಲಸಕ್ಕೆ ಒಂದು ಸುಖವಿದೆ. ಹಳೆಯ ಲಿಫ್ಟುಗಳ ಯಂತ್ರದ ಕೋಣೆ ಇರುವುದು ಕಟ್ಟಡದ ನೆತ್ತಿಯ ಮೇಲೆ. ಬಾವಿಯಂಥ ಕತ್ತಲೆಯಿಂದ ಹತ್ತಿ ಬಂದು ಬಾಗಿಲು ತೆರೆದರೆ ಧಗ್ಗನೆ ಸೂರ್ಯ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಅಂಥ ತಾರಸಿಯೊಂದರಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾಗ, ಪಕ್ಕದಲ್ಲಿದ್ದ ವೆಲ್ಡರ್ ತನ್ನ ಮುಖವಾಡದ ಎಲ್ಲಕ್ಕಿಂತ ಕಡುಗಪ್ಪು ಗಾಜನ್ನು ಕೊಟ್ಟು, "ಇದರಲ್ಲಿ ಸೂರ್ಯನ್ನ ನೋಡು, ತಮಾಷೆ ಇದೆ" ಎಂದಿದ್ದ. ನೋಡಿದ. ಹಸಿರು ಬಣ್ಣದ, ಗುಂಡಗಿನ, ಪುಟ್ಟ ಸೂರ್ಯ. ಅದರ ಮೇಲೊಂದು ಕಪ್ಪು ಚುಕ್ಕಿ. ಗಾಜು ಒರೆಸಿ ಮತ್ತೆ ನೋಡಿದ. ಚುಕ್ಕಿ ಇದ್ದೇ ಇತ್ತು. ಅಷ್ಟು ದೊಡ್ಡವನ ಮುಖದ ಮೇಲೂ ಕಲೆಯಿದೆ, ಅದು ತನ್ನ ಕಣ್ಣಿಗೆ ಸಿಕ್ಕಿದೆ ಎಂದು ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ.

ಹುಚ್ಚು ಬಲಿತಂತೆ ಸಾಮಾನೂ ಬಲಿಯಿತು. ಸಿಗರೇಟು ಬಿಟ್ಟು ದೂರದರ್ಶಕ ಹಿಡಿದ. ಅದರ ಮೂತಿಗೆ ಕನ್ನಡಿಯಂತೆ ಹೊಳೆಯುವ ಸೂರ್ಯನ ಫಿಲ್ಟರ್ ಹಾಳೆ. ಅದರಲ್ಲಿ ಸೂಜಿ ಮೊನೆಯಷ್ಟು ತೂತಿದೆಯೇ ಎಂದು ದಿನವೂ ಬೆಳಕಿಗೆ ಹಿಡಿದು ನೋಡಿ, ಮೂರು ಕಡೆ ಟೇಪು ಹಾಕದೆ ಸೂರ್ಯನ ಕಡೆಗೆ ತಿರುಗಿಸುವುದೇ ಇಲ್ಲ. ಆ ವಿಷಯದಲ್ಲಿ ಅವನು ಯಮಕಿಂಕರ. ಕಣ್ಣಿಡುವ ಜಾಗದಲ್ಲಿ ಇದಕ್ಕೆಂದೇ ಮಾಡಿದ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕ್ಯಾಮೆರಾ. ಅದರಿಂದ ಒಂದು ವೈರು ಲ್ಯಾಪ್‌ಟಾಪಿಗೆ. ಬಿಸಿಲಿಗೆ ತೆರೆ ಕಾಣುವುದಿಲ್ಲವೆಂದು ಲ್ಯಾಪ್‌ಟಾಪಿನ ಮೇಲೆ ಫ್ಯಾನ್ ಬಂದಿದ್ದ ರಟ್ಟಿನ ಪೆಟ್ಟಿಗೆ ಕವುಚಿ, ಅದರೊಳಗೆ ತಲೆ ತೂರಿಸಿ ನೋಡುತ್ತಾನೆ. ಸೂರ್ಯನ ಹಿಂದೆಯೇ ದೂರದರ್ಶಕವನ್ನು ಮೆಲ್ಲಗೆ ತಿರುಗಿಸುವ ಮೋಟಾರು, ಗುಜರಿ ಸೇರಬೇಕಿದ್ದ ಲಿಫ್ಟ್ ಬಾಗಿಲಿನದು. ಕ್ಯಾಮೆರಾ ಒಂದೇ ನಿಮಿಷದಲ್ಲಿ ಸಾವಿರಾರು ಚಿತ್ರ ಹಿಡಿಯುತ್ತದೆ. ಗಾಳಿಯ ಕುದಿತಕ್ಕೆ ಅಲುಗಿದವನ್ನು ಬಿಸಾಕಿ, ಅಲುಗದ ನೂರನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಚೆಂದದ ಸೂರ್ಯ ಕೈಗೆ ಬರುತ್ತಾನೆ.

ಇವನಂಥ ಹುಚ್ಚರದೇ ಒಂದು ಸಂಘವಿದೆ. ಹದಿಮೂರು ಮಂದಿ, ಹದಿಮೂರು ಊರು. ದಿನವೂ ಸೂರ್ಯನ ಚಿತ್ರ ಹಿಡಿದು, ಅದರ ಮೇಲಿನ ಚುಕ್ಕಿ ಎಣಿಸಿ ಕಳಿಸುವುದು ಅವರ ಕೆಲಸ. ಅದರ ಸರಾಸರಿ ತೆಗೆದು ದೂರದ ವೀಕ್ಷಣಾಲಯವೊಂದಕ್ಕೆ ಕಳಿಸುವವರು ಸಂಘದ ಕಾರ್ಯದರ್ಶಿ. ನಿವೃತ್ತ ಭೂಗೋಳ ಟೀಚರ್. ಅವರನ್ನು ಇವನು ಎದುರಿಗೆ ಕಂಡವನಲ್ಲ, ಆದರೆ ಅವರ ಸಂದೇಶ ಬಂದರೆ ಕೂತಲ್ಲೇ ಬೆನ್ನು ನೆಟ್ಟಗಾಗುತ್ತದೆ. ಅವರ ನಿಯಮಗಳು ಖಡಕ್ಕು. ಎಣಿಕೆ ಮಧ್ಯಾಹ್ನ ಹನ್ನೆರಡರೊಳಗೆ ಬರಬೇಕು. ಕಳಿಸುವ ಮೊದಲು ಬೇರೆ ಯಾರ ಚಿತ್ರವನ್ನೂ, ಮೊಬೈಲಿನಲ್ಲಿ ಸುಲಭವಾಗಿ ಸಿಗುವ ಉಪಗ್ರಹದ ಚಿತ್ರವನ್ನೂ ನೋಡಬಾರದು. ನಿಮ್ಮ ಕಣ್ಣು ಕಂಡದ್ದು, ನೀವು ಖಚಿತವಾಗಿ ನಂಬಿದ್ದು, ಅಷ್ಟೇ.

ಎರಡು ವರ್ಷದ ಹಿಂದೆ ಇವನು ಹುರುಳಿಕಾಳಿನ ಆಕಾರದ ಭಾರಿ ಚುಕ್ಕಿಯೊಂದನ್ನು ಕಂಡುಹಿಡಿದ. ಮೂರು ದಿನ ಬಿಡದೆ ಕಳಿಸಿದ. ಬೇರೆ ಯಾರಿಗೂ ಅದು ಕಂಡಿರಲಿಲ್ಲ, ಪಾಪ, ಅವರ ಸಾಮಾನು ಅಷ್ಟಕ್ಕಷ್ಟೇ ಎಂದುಕೊಂಡ. ಸೂರ್ಯ ತನ್ನ ಸುತ್ತ ತಿರುಗುವುದರಿಂದ ಚುಕ್ಕಿ ದಿನದಿಂದ ದಿನಕ್ಕೆ ಜಾಗ ಬದಲಿಸಬೇಕು. ಇವನದು ಕೂತಲ್ಲೇ ಕೂತಿತ್ತು. ಮೂರನೆಯ ದಿನ ಕಾರ್ಯದರ್ಶಿಯ ಸಂದೇಶ ಬಂತು: "ನಿಮ್ಮ ಊರಿನ ಸೂರ್ಯ ತಿರುಗುವುದನ್ನು ನಿಲ್ಲಿಸಿದ್ದಾನೆಯೇ? ದಯವಿಟ್ಟು ಕ್ಯಾಮೆರಾ ಒರೆಸಿ." ಒರೆಸಿದ. ಚುಕ್ಕಿ ಬಟ್ಟೆಗೆ ಅಂಟಿಕೊಂಡು ಬಂತು.

ಅವತ್ತಿನಿಂದ ಸಂಘದಲ್ಲಿ ಅವನ ಹೆಸರು ಧೂಳೇಶ. ಹೆಸರನ್ನು ಅವನು ಹೊಟ್ಟೆಗೆ ಹಾಕಿಕೊಂಡ. ತಡೆದುಕೊಳ್ಳಲಾಗದ್ದು ಕಂಸ. ಹೊಸಬರ, ತಪ್ಪು ಮಾಡಿದವರ ಎಣಿಕೆಯನ್ನು ಪಟ್ಟಿಯಲ್ಲಿ ಕಂಸದೊಳಗೆ ಹಾಕುತ್ತಾರೆ, ಸರಾಸರಿಗೆ ಸೇರಿಸುವುದಿಲ್ಲ. ಸೂರ್ಯ ಕಂಡ ನೂರು ದಿನ ಒಂದೂ ತಪ್ಪಿಲ್ಲದೆ ಕಳಿಸಿದರೆ ಕಂಸ ತೆಗೆಯುತ್ತಾರೆ. ಒಂದು ದಿನ ತಪ್ಪಿದರೂ, "ಖಚಿತವಿಲ್ಲ" ಎಂದು ಬರೆದರೂ ಮತ್ತೆ ಒಂದರಿಂದ ಶುರು. ಈ ಎರಡು ವರ್ಷದಲ್ಲಿ ಅವನು ಒಮ್ಮೆ ಮೂವತ್ತನಾಲ್ಕಕ್ಕೆ, ಒಮ್ಮೆ ಅರವತ್ತೊಂದಕ್ಕೆ ಜಾರಿ ಬಿದ್ದಿದ್ದ. ಅವನಿಗೆ ಆ ಸರಾಸರಿ ಬೇಕಿತ್ತು. ಎಲ್ಲೋ ಯಾರೋ ಸೂರ್ಯನ ಲೆಕ್ಕ ತೆಗೆದರೆ ಅದರಲ್ಲಿ ತನ್ನ ಕಣ್ಣಿನದೂ ಒಂದು ಪಾಲಿರಬೇಕು ಎಂದು ಅವನಿಗೆ ಬಹಳ ಆಸೆ. ಕೆಟ್ಟಾಗ ಮಾತ್ರ ಜನರ ನೆನಪಿಗೆ ಬರುವವನಿಗೆ ಇಂಥ ಆಸೆ ಇದ್ದರೆ ತಪ್ಪೇನು?

ಈ ಆಸೆಗೆ ದಿನಾ ಹುಳಿ ಹಿಂಡುವವರೊಬ್ಬರು ಮನೆಯಲ್ಲೇ ಇದ್ದರು. ಅವನ ಅತ್ತೆ, ಹೆಂಡತಿಯ ತಾಯಿ. ಅಚ್ಚುಕೂಟದಲ್ಲಿ ಮೂವತ್ತೆರಡು ವರ್ಷ ಕರಡು ತಿದ್ದಿದವರು. ಆರು ವರ್ಷದ ಹಿಂದೆ ಅಚ್ಚುಕೂಟ ಮುಚ್ಚಿದ ಮೇಲೆ ತಿದ್ದಲು ಅವರಿಗೆ ಉಳಿದದ್ದು ಅಳಿಯ ಒಬ್ಬನೇ. ಬೈಯುವಾಗಲೂ ಮರ್ಯಾದೆ ಬಿಟ್ಟವರಲ್ಲ, ಅದೇ ಕಷ್ಟ. "ಅಳಿಯಂದಿರು ಸೂರ್ಯನ ಮೊಡವೆ ಎಣಿಸೋಕೆ ಹೊರಟರು," ಎನ್ನುತ್ತಿದ್ದರು ಬೆಳಿಗ್ಗೆ. ಅವನು ಕೆಳಗಿಳಿದು ಬಂದರೆ, "ಇವತ್ತೆಷ್ಟು?"

"ಸೊನ್ನೆ, ಅತ್ತೆ."

"ನಿನ್ನೆ?"

"ಸೊನ್ನೆ."

"ಸೊನ್ನೆ ಕಳಿಸೋಕೆ ಹದಿನಾರು ಮೆಟ್ಟಿಲು ಯಾಕೆ ಹತ್ತಬೇಕು? ಹಾಸಿಗೇಲಿ ಮಲಗಿದ್ದೇ ಕಳಿಸಬಹುದಲ್ಲಾ!"

ತಪ್ಪು ಅವನದಲ್ಲ. ಸೂರ್ಯನ ಚುಕ್ಕಿಗಳಿಗೆ ಸುಮಾರು ಹನ್ನೊಂದು ವರ್ಷಕ್ಕೊಂದು ಏರಿಳಿತವಿದೆ. ಈಗಿನಂಥ ಇಳಿತದ ಕಾಲದಲ್ಲಿ ಸೂರ್ಯನ ಮುಖ ತೊಳೆದಿಟ್ಟ ತಟ್ಟೆ. ಹೀಗೆ ಸೊನ್ನೆ ಸುತ್ತಿ ಸುತ್ತಿ ಮೆಕ್ಯಾನಿಕ್ ತೊಂಬತ್ತೊಂಬತ್ತು ದಿನ ದಾಟಿದ. ನೂರನೆಯ ದಿನ ಅವನಿಗೆ ರಜೆ, ಆದರೆ ತುರ್ತು ಕರೆ ಬಂದರೆ ಹೋಗಲೇಬೇಕು. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಚುಕ್ಕಿ ಎಣಿಸುವುದೇ ಅವಳ ಕೆಲಸ. ಹೊರಡುವಾಗ, "ನೂರಾದ್ರೆ ಫೋನ್ ಮಾಡಿ. ಆಗದಿದ್ರೂ ಮಾಡಿ, ಸಪ್ಪೆ ಮುಖ ಹಾಕ್ಕೊಂಡು ಕೂರಬೇಡಿ," ಎಂದು ಹೇಳಿ ಹೋದಳು.

ಬೆಳಗಿನಿಂದ ಮೋಡ. ಹನ್ನೊಂದು ಗಂಟೆ ದಾಟಿದ ಮೇಲೆ ಮೋಡ ಒಡೆದು ಸೂರ್ಯ ಹೊರಬಂದ. ಮೆಕ್ಯಾನಿಕ್ ಪೆಟ್ಟಿಗೆಯೊಳಗೆ ತಲೆ ತೂರಿಸಿದ. ತಟ್ಟೆಯ ಎಡಗಡೆ, ಮೇಲೆ, ಒಂದು ಕಪ್ಪು ಚುಕ್ಕಿ.

ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತಿದ್ದರು. ಇವನ ಬಾಯಿಂದ ಬಂದದ್ದು "ಅಯ್ಯೋ ಧೂಳು!" ಕ್ಯಾಮೆರಾ ಬಿಚ್ಚಿದ, ರಬ್ಬರ್ ಬುಗ್ಗೆಯಿಂದ ಪುಸ್ ಪುಸ್ ಎಂದು ಊದಿದ, ಬಿಳಿ ಬಣ್ಣದ ಗುರುತಿಗೆ ಸರಿಯಾಗಿ ಮತ್ತೆ ಕೂರಿಸಿದ. ಚುಕ್ಕಿ ಅಲ್ಲೇ ಇತ್ತು. ಮತ್ತೆ ಬಿಚ್ಚಿದ, ಊದಿದ, ಕೂರಿಸಿದ. ಅಲ್ಲೇ ಇತ್ತು. ಮೂರನೆಯ ಸಲವೂ ಅಲ್ಲೇ. ಊದಿದರೂ ಹೋಗಲಿಲ್ಲವೆಂದರೆ ನಿಜವಾದ ಚುಕ್ಕಿ ಇರಬಹುದು. ಇಲ್ಲವೇ ಹಿಂದಿನ ಹುರುಳಿಕಾಳಿನ ಹಾಗೆ ಅಂಟಿ ಕೂತ ಧೂಳಿರಬಹುದು. ಇಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು.

ಒಣಗಿದ ಬಟ್ಟೆ ತೆಗೆಯಲು ಬಂದ ಅತ್ತೆ ಬಕೆಟ್ಟು ಕೆಳಗಿಟ್ಟು ಈ ನಾಟಕ ನೋಡುತ್ತಾ ನಿಂತಿದ್ದರು. "ಏನು ಅಳಿಯಂದಿರೇ, ಸೂರ್ಯನಿಗೆ ಗಾಳಿ ಹಾಕ್ತಿದ್ದೀರಾ?"

ಅವನು ಇದ್ದದ್ದನ್ನು ಹೇಳಿದ. ಅವರು ಬಗ್ಗಿ ಪೆಟ್ಟಿಗೆಯೊಳಗೆ ನೋಡಿ ಎದ್ದರು. "ಅಷ್ಟೇ ತಾನೇ? ಕರಡಿನಲ್ಲೂ ಹೀಗೇ. ಚುಕ್ಕಿ ಕಾಗದದ್ದೋ ನನ್ನ ಕನ್ನಡಕದ್ದೋ ಗೊತ್ತಾಗದಿದ್ರೆ ಕಾಗದ ತಿರುಗಿಸ್ತಿದ್ದೆ. ಕಾಗದದ್ದಾದ್ರೆ ಜೊತೇಲಿ ತಿರುಗುತ್ತೆ, ಕನ್ನಡಕದ್ದಾದ್ರೆ ನಿಂತಲ್ಲೇ ನಿಲ್ಲುತ್ತೆ. ನಿಮ್ಮ ಸೂರ್ಯನ್ನ ತಿರುಗಿಸೋಕಾಗಲ್ಲ, ಕ್ಯಾಮೆರಾ ತಿರುಗಿಸಿ."

ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿದರೆ ತೆರೆಯ ಮೇಲೆ ಸೂರ್ಯನ ಚುಕ್ಕಿ ಜಾಗ ಬದಲಿಸುತ್ತದೆ, ಕ್ಯಾಮೆರಾದ ಧೂಳು ಬದಲಿಸುವುದಿಲ್ಲ. ಅರ್ಧ ನಿಮಿಷದ ಕೆಲಸ. ಹೆದರಿಕೆಯಲ್ಲಿ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ದ. ನಾಚಿಕೆಯಿಂದ ತಿರುಪಿಗೆ ಕೈ ಹಾಕುವುದಕ್ಕೂ ಮೋಡ ಸೂರ್ಯನನ್ನು ನುಂಗುವುದಕ್ಕೂ ಸರಿಹೋಯಿತು. ಹಾಗೆಯೇ ಫೋನೂ ಬಡಿದುಕೊಂಡಿತು. ವಕೀಲರ ಕಚೇರಿಗಳಿರುವ ಕಟ್ಟಡದಲ್ಲಿ ಲಿಫ್ಟ್ ನಿಂತಿದೆ, ಮೂರು ಮತ್ತು ನಾಲ್ಕನೆಯ ಮಹಡಿಯ ನಡುವೆ, ಒಳಗೆ ಇಬ್ಬರು. ಗಂಟೆ ಹನ್ನೊಂದೂವರೆ.

"ಮೋಡ ಅಂತ ಬರೆದುಬಿಡಿ," ಎಂದರು ಅತ್ತೆ. "ಮೋಡದ ದಿನ ಲೆಕ್ಕಕ್ಕಿಲ್ಲ ಅಂತ ನೀವೇ ಹೇಳಿದ್ರಲ್ಲಾ. ನಾಳೆ ನೂರು ಮಾಡ್ಕೊಳ್ಳಿ."

"ಸೂರ್ಯ ಕಂಡನಲ್ಲ ಅತ್ತೆ."

"ಹಾಗಾದ್ರೆ ಮೊಬೈಲಲ್ಲಿ ಆ ಉಪಗ್ರಹದ್ದು ನೋಡಿ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲ," ಎಂದು ಹೇಳಿ ಅವನು ಸ್ಕೂಟರಿನ ಕೀಲಿ ಹುಡುಕಿದ. ಆಮೇಲೆ ಏನನ್ನಿಸಿತೋ ತಿರುಗಿ ನಿಂತು, "ಫಿಲ್ಟರ್ ಒಂದನ್ನ ಮಾತ್ರ ಮುಟ್ಟಬೇಡಿ, ಕೈ ಮುಗೀತೀನಿ," ಎಂದ. ಮಿಕ್ಕಿದ್ದನ್ನು ಮುಟ್ಟಬೇಡಿ ಎಂದು ಹೇಳಲಿಲ್ಲ. ಅದನ್ನು ಅತ್ತೆ ಗಮನಿಸಿದರು. ಅವರು ಗಮನಿಸದೆ ಬಿಟ್ಟದ್ದು ಜಗತ್ತಿನಲ್ಲಿ ಕಡಿಮೆ.

ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಇಬ್ಬರು ವಕೀಲರು. ಅವತ್ತು ಬೆಳಿಗ್ಗೆ ಒಂದೇ ಮೊಕದ್ದಮೆಯಲ್ಲಿ ಎದುರುಬದುರು ವಾದಿಸಿದವರು. ಬಾಗಿಲಿನ ಸಂದಿಯಿಂದ ಅವರ ದನಿ ಮೆಟ್ಟಿಲವರೆಗೂ ಕೇಳುತ್ತಿತ್ತು. ಹೊರಗಿನ ಗುಂಡಿಯನ್ನು ಮೊದಲು ಒತ್ತಿದವರು ಯಾರು ಎನ್ನುವುದು ಸದ್ಯದ ವ್ಯಾಜ್ಯ. "ಸ್ವಾಮಿ, ಬಾಗಿಲು ತಳ್ಳಬೇಡಿ, ಹತ್ತು ನಿಮಿಷ," ಎಂದು ಕೂಗಿ ಹೇಳಿ ಅವನು ಮೇಲಿನ ಯಂತ್ರದ ಕೋಣೆಗೆ ಓಡಿದ. ಮೈನ್ ಸ್ವಿಚ್ಚು ಆರಿಸಿದ, ಬ್ರೇಕು ಸಡಿಲಿಸಿದ, ದೊಡ್ಡ ಚಕ್ರವನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸತೊಡಗಿದ. ಕಿಟಕಿಯಲ್ಲಿ ಬಿಸಿಲು ಬಿತ್ತು. ಚಕ್ರ ಬಿಟ್ಟು ಓಡುವ ಹಾಗಿಲ್ಲ. ಜೇಬಿನಲ್ಲಿ ಫೋನು ಹೊಡೆದುಕೊಂಡಿತು, ತೆಗೆಯಲಾಗಲಿಲ್ಲ. ಮತ್ತೆ ಹೊಡೆದುಕೊಂಡಿತು.

ವಕೀಲರಿಬ್ಬರೂ ಹೊರಬಂದಾಗ ಹನ್ನೊಂದು ಐವತ್ತೆರಡು. ಧನ್ಯವಾದ ಹೇಳಲು ಅವರಿಗೆ ಬಿಡುವಿರಲಿಲ್ಲ, ವಾದ ಮುಗಿದಿರಲಿಲ್ಲ. ಅವನು ಮೆಟ್ಟಿಲ ಮೇಲೆ ಕುಸಿದು ಕೂತು ಫೋನ್ ಮಾಡಿದ.

"ಎಷ್ಟು ಸಲ ಮಾಡೋದು ನಿಮಗೆ!" ಅತ್ತೆಯ ದನಿಯಲ್ಲಿ ಏದುಸಿರು. "ಬಿಸಿಲು ಬಂತು. ತಿರುಪು ಸಡಿಲ ಮಾಡಿ ಕ್ಯಾಮೆರಾ ತಿರುಗಿಸಿದೆ. ಎಡಗಡೆ ಇದ್ದದ್ದು ಬಲಗಡೆಗೆ ಬಂತು. ವಾಪಸ್ ತಿರುಗಿಸಿದೆ, ಎಡಕ್ಕೆ ಹೋಯ್ತು. ಧೂಳಲ್ಲ. ಮತ್ತೆ ಕೇಳಿ, ಅದು ಒಂದಲ್ಲ, ಮೂರು. ದೊಡ್ಡದರ ಬಾಲದಲ್ಲಿ ಎರಡು ಸಣ್ಣವು ಇವೆ. ಒಂದು ಕಾಮಾದಷ್ಟು, ಇನ್ನೊಂದು ಅದಕ್ಕಿಂತಲೂ ಚಿಕ್ಕದು. ನಿಮಗೆ ಕಾಣ್ಲಿಲ್ವಾ?"

ಅವನಿಗೆ ಕಂಡಿರಲಿಲ್ಲ. ಕಂಡದ್ದು ಒಂದೇ.

ಈಗ ಎಂಟು ನಿಮಿಷವಿತ್ತು. ಒಂದು ಎಂದು ಕಳಿಸಿದರೆ ಸಾಕು. ಒಂದೆರಡು ಹೆಚ್ಚುಕಡಿಮೆಯಾದರೆ ಕಾರ್ಯದರ್ಶಿ ತಪ್ಪೆನ್ನುವುದಿಲ್ಲ, ಇದ್ದ ಚುಕ್ಕಿಯನ್ನೇ ಇಲ್ಲವೆಂದರೆ ಮಾತ್ರ ತಪ್ಪು. ಒಂದನ್ನು ಅವನು ಕಂಡದ್ದೂ ನಿಜ, ತನ್ನ ಸ್ವಂತ ಕಣ್ಣಿನಿಂದ. ನೂರು ಪೂರ್ತಿ, ಕಂಸ ಹೋಯಿತು. ಬೆರಳು ಆ ಅಂಕಿಯನ್ನು ಒತ್ತಿಯೂ ಬಿಟ್ಟಿತು. ಆದರೆ ಕಳಿಸಲು ಕೈ ಬರಲಿಲ್ಲ. ತಾನು ಕಂಡದ್ದು ಒಂದು ಕಪ್ಪು, ಅದನ್ನು ಧೂಳೆಂದು ಮೂರು ಸಲ ಊದಿದವನೂ ತಾನೇ. ಚುಕ್ಕಿ ಎಂದು ಕಂಡವರು ಅತ್ತೆ. ತಾನು ಒಂದು ಎಂದು ಬರೆದರೆ ಆ ಮೂರು ಎಲ್ಲಿಗೆ ಹೋಗಬೇಕು? ತೊಂಬತ್ತೊಂಬತ್ತು ಬೆಳಗುಗಳು ನೆನಪಾದವು. ಶೀತಜ್ವರದಲ್ಲಿ ಟವೆಲು ಸುತ್ತಿಕೊಂಡು ಮೆಟ್ಟಿಲು ಹತ್ತಿದ್ದು, ಮದುವೆಗೆ ಹೊರಟು ನಿಂತವರನ್ನೆಲ್ಲ ಕಾಯಿಸಿದ್ದು. ಕಣ್ಣು ಮಂಜಾಯಿತು. ಅಳು ಬಂದದ್ದು ನಿಜ, ಅದರಲ್ಲಿ ಮುಚ್ಚಿಡುವುದೇನಿದೆ.

ಹನ್ನೊಂದು ಐವತ್ತೆಂಟಕ್ಕೆ ಸಂದೇಶ ಹೋಯಿತು: "ನನ್ನದು: ಖಚಿತವಿಲ್ಲ. ಅದೇ ದೂರದರ್ಶಕದಲ್ಲಿ ನೋಡಿದ ಹೊಸ ವೀಕ್ಷಕರು: ನನ್ನ ಅತ್ತೆ. ಅವರ ಎಣಿಕೆ: ಮೂರು."

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ವಿಷಯ ಕೇಳಿ ಅವರ ಮುಖ ಕೆಂಪಾಯಿತು. "ನನ್ನನ್ನ ಒಂದು ಮಾತು ಕೇಳದೆ ಕಳಿಸಿದ್ರಾ? ನಿಮ್ಮ ನೂರು ಕಳ್ಕೊಳ್ಳಿ ಅಂತ ನಾನು ಆ ಬಿಸಿಲಲ್ಲಿ ಒದ್ದಾಡಿದ್ದಾ? ನೂರಾಗಲಿ ಅಂತ ಅಲ್ವಾ?" ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರಿಗೂ ಆ ನೂರು ಬೇಕಿತ್ತು ಎಂದು ಅವನಿಗೆ ತಿಳಿದದ್ದು ಆಗಲೇ. ಅಷ್ಟು ದಿನ ಇವತ್ತೆಷ್ಟು, ಇವತ್ತೆಷ್ಟು ಎಂದು ಕೇಳಿದವರು ಸುಮ್ಮನೆ ಕಾಲೆಳೆಯುತ್ತಿದ್ದಾರೆ ಎಂದುಕೊಂಡಿದ್ದ ಪೆದ್ದ ಅವನು.

ಸಂಜೆ ಹೆಂಡತಿ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಕಾರ್ಯದರ್ಶಿಯ ಪಟ್ಟಿ ಬಂತು. ಅವಳೇ ಗಟ್ಟಿಯಾಗಿ ಓದಿದಳು. ಒಂಬತ್ತು ಜನ ಒಂದು ಕಂಡಿದ್ದರು. ಇಬ್ಬರು ಎರಡು. ಮೂರು ಕಂಡವರು ಇಬ್ಬರೇ, ಒಬ್ಬರು ಸ್ವತಃ ಕಾರ್ಯದರ್ಶಿ, ಇನ್ನೊಬ್ಬರು ಕಂಸದೊಳಗಿದ್ದ ಅತ್ತೆ. ಕೆಳಗೆ ಒಂದು ಟಿಪ್ಪಣಿಯಿತ್ತು: "ಮೆಕ್ಯಾನಿಕರ ಎಣಿಕೆ ನಾಳೆಯಿಂದ ಮತ್ತೆ ಒಂದು. ಬೇಸರವಾಗಿದೆ, ಆದರೆ ನಿಯಮ ನಿಯಮ. ಹೊಸ ವೀಕ್ಷಕರಿಗೆ ಇಂದೇ ಮೊದಲ ದಿನ. ಆ ಮೂರನೆಯ ಚುಕ್ಕಿಯನ್ನು ನಾನು ಅರ್ಧ ಗಂಟೆ ಹುಡುಕಿದೆ. ಈ ಕಣ್ಣುಗಳು ಇಷ್ಟು ವರ್ಷ ಎಲ್ಲಿದ್ದವು?"

ಕೋಣೆಯ ಬಾಗಿಲು ತೆರೆಯಿತು. "ಇನ್ನೊಂದ್ಸಲ ಓದು," ಎಂದರು ಅತ್ತೆ ಮಗಳಿಗೆ. ಅವಳು ಓದಿದಳು. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. "ಆರು ವರ್ಷ ಆಯ್ತು," ಎಂದರು ಯಾರನ್ನೂ ನೋಡದೆ. "ಇದನ್ನ ನೋಡಿ ಹೇಳಿ ಅಂತ ಒಬ್ಬರೂ ಕೇಳಿರಲಿಲ್ಲ." ಅಳಿಯ ಹೋಗಿ ಟೀಗಿಟ್ಟ.

ಮರುದಿನ ಬೆಳಿಗ್ಗೆ ಅವನು ತಾರಸಿಗೆ ಹತ್ತುವಾಗ ಅತ್ತೆ ಆಗಲೇ ಪೆಟ್ಟಿಗೆಯೊಳಗೆ ತಲೆ ತೂರಿಸಿ ಕೂತಿದ್ದರು. ಫಿಲ್ಟರಿನ ಮೂರು ಟೇಪಿನ ಜೊತೆ ನಾಲ್ಕನೆಯದೊಂದು ಸೇರಿತ್ತು. ಅವನು ಬದಿಯಲ್ಲಿ ನಿಂತು ಕೆಮ್ಮಿದ. ಮತ್ತೆ ಕೆಮ್ಮಿದ.

"ಸ್ವಲ್ಪ ತಾಳಿ ಅಳಿಯಂದಿರೇ. ಸಂಘದಲ್ಲಿ ನಾನು ನಿಮಗಿಂತ ಒಂದು ದಿನ ಹಿರಿಯಳು."

ಬಹಳ ಹೊತ್ತಾದ ಮೇಲೆ ಅವರು ತಲೆ ಹೊರಗೆ ತೆಗೆದು, ಫೋನಿನಲ್ಲಿ ಏನನ್ನೋ ಒತ್ತಿ, ತೆರೆ ಅವನಿಗೆ ಕಾಣದ ಹಾಗೆ ಎದೆಗೆ ಒತ್ತಿ ಹಿಡಿದರು.

"ಎಷ್ಟು ಅತ್ತೆ ಇವತ್ತು?"

"ಅದನ್ನ ಹೇಳೋ ಹಾಗಿಲ್ಲ. ನಿಮ್ಮ ಕಣ್ಣಲ್ಲಿ ನೀವು ನೋಡಿ," ಎಂದು ಹೇಳಿ ಸ್ಟೂಲು ಬಿಟ್ಟುಕೊಟ್ಟರು.

ಅವನು ಪೆಟ್ಟಿಗೆಯೊಳಗೆ ತಲೆ ಹಾಕಿದ. ಚುಕ್ಕಿಗಳು ರಾತ್ರಿ ಕಳೆಯುವುದರೊಳಗೆ ಒಂದಿಷ್ಟು ಬಲಕ್ಕೆ ಸರಿದಿದ್ದವು. ಒಂದು ಎಣಿಸಿದ, ಎರಡು ಎಣಿಸಿದ. ಮೂರನೆಯದಕ್ಕಾಗಿ ಕಣ್ಣು ಕಿರಿದು ಮಾಡಿಕೊಂಡು ಹುಡುಕತೊಡಗಿದ. ಹಿಂದೆ ನಿಂತ ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ.